ಎಸಿಬಿಯ ಟ್ರಿಪ್ ಯೂನಿಟ್ ‘ಇಂಟರ್ನಲ್ ಫಾಲ್ಟ್’ ಎನ್ನುತ್ತಿದೆ: ಬ್ರೇಕರ್ ಬದಲಿಸಬೇಕೇ, ಯೂನಿಟ್ ಬದಲಿಸಬೇಕೇ, ಸುಮ್ಮನಿರಬಹುದೇ?

ಪ್ರಶ್ನೆ: ಒಂದು ಕಾರ್ಖಾನೆಯ ಎಲೆಕ್ಟ್ರಿಕಲ್ ಮೇಂಟೆನೆನ್ಸ್ ನನ್ನ ಜವಾಬ್ದಾರಿ. ಟ್ರಾನ್ಸ್‌ಫಾರ್ಮರ್ ಕಡೆಯಿಂದ ಬರುವ ಮುಖ್ಯ ಇನ್‌ಕಮರ್ (ಇಡೀ ಕಾರ್ಖಾನೆಗೆ ವಿದ್ಯುತ್ ಒಳಬರುವ ಬ್ರೇಕರ್) 1600 ಆಂಪಿಯರ್ ಎಸಿಬಿ, ಅಂದರೆ ಏರ್ ಸರ್ಕ್ಯೂಟ್ ಬ್ರೇಕರ್, ಹನ್ನೊಂದು ವರ್ಷ ಹಳೆಯದು. ಎರಡು ತಿಂಗಳಿಂದ, ಕರೆಂಟ್ ಅಳೆದು ಬ್ರೇಕರ್ ಬೀಳಿಸುವ ಅದರ ಎಲೆಕ್ಟ್ರಾನಿಕ್ ಟ್ರಿಪ್ ಯೂನಿಟ್‌ನಲ್ಲಿ ಆಗಾಗ ಕೆಂಪು ದೀಪ ಮಿನುಗಿ, ‘ಇಂಟರ್ನಲ್ ಫಾಲ್ಟ್’ ಎಂದು ಡಿಸ್‌ಪ್ಲೇಯಲ್ಲಿ ಬರುತ್ತದೆ. ರೀಸೆಟ್ ಒತ್ತಿದರೆ ಹೋಗುತ್ತದೆ. ಬರುವುದು ಹೆಚ್ಚಾಗಿ ರಾತ್ರಿ ಪಾಳಿಯಲ್ಲಿ ಮತ್ತು ರಜಾದಿನಗಳಲ್ಲಿ, ಆಗ ಲೋಡ್ 150ರಿಂದ 250 ಆಂಪಿಯರ್ ಮಾತ್ರ. ಹಗಲು 900–1000 ಆಂಪಿಯರ್ ಇರುವಾಗ ಬಂದದ್ದು ಎರಡೇ ಸಲ. ಬ್ರೇಕರ್ ಒಮ್ಮೆಯೂ ಬಿದ್ದಿಲ್ಲ, ಅಂದರೆ ತಾನಾಗಿ ತೆರೆದು ಕರೆಂಟ್ ಕಡಿದಿಲ್ಲ. ‘ಯೂನಿಟ್ ಕೆಟ್ಟರೆ ಬ್ರೇಕರ್ ತಾನಾಗಿಯೇ ಬೀಳುತ್ತೆ, ಹೆದರಬೇಡಿ’ ಎಂದು ಒಬ್ಬರು, ‘ಇನ್ನು ಶಾರ್ಟ್ ಆದರೂ ಅದು ಬೀಳೋದಿಲ್ಲ, ಈಗಲೇ ಲೈನ್ ನಿಲ್ಲಿಸಿ’ ಎಂದು ಇನ್ನೊಬ್ಬರು. ಸರ್ವಿಸ್‌ನವರು ಇಡೀ ಬ್ರೇಕರ್ ಬದಲಿಸಿ ಎನ್ನುತ್ತಿದ್ದಾರೆ. ರೇಟಿಂಗ್ ಪ್ಲಗ್ ತೆಗೆದು ಮತ್ತೆ ಹಾಕಿದರೆ ಸರಿಹೋಗುತ್ತದೆ ಎಂದೂ ಕೇಳಿದ್ದೇನೆ. ಯಾರ ಮಾತು ನಂಬಲಿ?

ಉತ್ತರ: ರೇಟಿಂಗ್ ಪ್ಲಗ್ ವಿಷಯ ಮೊದಲು ಮುಗಿಸಿಬಿಡೋಣ, ಏಕೆಂದರೆ ಇವತ್ತೇ ಯಾರಾದರೂ ಅದಕ್ಕೆ ಕೈ ಹಾಕಬಹುದು. ಲೋಡ್ ಹರಿಯುತ್ತಿರುವಾಗ ಅದನ್ನು ಕೀಳಬೇಡಿ. ಬ್ರೇಕರ್‌ನ ರೇಟೆಡ್ ಕರೆಂಟ್ ಎಷ್ಟು, ಓವರ್‌ಲೋಡ್ ಸೆಟ್ಟಿಂಗ್ ಯಾವ ವ್ಯಾಪ್ತಿಯಲ್ಲಿರಬೇಕು ಎಂಬುದನ್ನು ಯೂನಿಟ್ ಆ ಪ್ಲಗ್‌ನಿಂದಲೇ ತಿಳಿದುಕೊಳ್ಳುತ್ತದೆ. ಪ್ಲಗ್ ಸಿಗದಿದ್ದರೆ ಕೆಲವು ಮೇಕ್‌ಗಳು ಕನಿಷ್ಠ ಸೆಟ್ಟಿಂಗ್‌ಗೆ, ಅಂದರೆ ರೇಟೆಡ್ ಕರೆಂಟ್‌ನ 0.4ಕ್ಕೆ ಇಳಿಯುತ್ತವೆ. ನಿಮ್ಮ 1600ಕ್ಕೆ ಅದು 640 ಆಂಪಿಯರ್. ಹಗಲಿನ 1000 ಆಂಪಿಯರ್ ಆಗ 1.56 ಪಟ್ಟು ಓವರ್‌ಲೋಡ್ ಆಗಿಬಿಡುತ್ತದೆ. ಬೀಳುವ ಮೊದಲು ಕಾಯುವ ಡಿಲೇಯನ್ನು ‘6 ಪಟ್ಟಿನಲ್ಲಿ 8 ಸೆಕೆಂಡ್’ ಎಂದು ಇಟ್ಟಿದ್ದರೆ, ಕರೆಂಟ್‌ನ ವರ್ಗ ಗುಣಿಸು ಸಮಯ ಎಂಬ ಲೆಕ್ಕದಲ್ಲಿ ಸುಮಾರು ಎರಡು ನಿಮಿಷಕ್ಕೆ ಇಡೀ ಕಾರ್ಖಾನೆ ಕತ್ತಲೆ. ಪ್ಲಗ್‌ನ ಸಂಪರ್ಕ ಸಡಿಲವಿರಬಹುದು ಎಂಬ ಅನುಮಾನವೇನೋ ಸರಿಯೇ. ಅದನ್ನು ನೋಡಬೇಕಾದದ್ದು ಬ್ರೇಕರ್ ಹೊರಗೆಳೆದ ಮೇಲೆ.

ಈಗ ನಿಮ್ಮ ಆತಂಕಕ್ಕೆ ಬರುತ್ತೇನೆ. ನಿಮ್ಮ ಇಬ್ಬರು ಸಲಹೆಗಾರರ ಮಾತಿನಲ್ಲೂ ಅರ್ಧರ್ಧ ನಿಜವಿದೆ.

‘ಕೆಟ್ಟರೆ ತಾನೇ ಬೀಳುತ್ತೆ’ ಎಂಬುದು ಅಂಡರ್‌ವೋಲ್ಟೇಜ್ ಕಾಯಿಲ್‌ನ ಗುಣ. ಅದಕ್ಕೆ ವೋಲ್ಟೇಜ್ ತಪ್ಪಿದರೆ ಬ್ರೇಕರ್ ಬೀಳುತ್ತದೆ. ಟ್ರಿಪ್ ಯೂನಿಟ್‌ನ ಕಾಯಿಲ್ ನಡೆಯುವುದು ಇದಕ್ಕೆ ತದ್ವಿರುದ್ಧವಾಗಿ. ಅದರಲ್ಲೊಂದು ಕಾಯಂ ಮ್ಯಾಗ್ನೆಟ್, ಸ್ಪ್ರಿಂಗ್‌ನ ಒತ್ತಡಕ್ಕೆ ಎದುರಾಗಿ ಪ್ಲಂಜರನ್ನು ಹಿಡಿದಿಟ್ಟಿರುತ್ತದೆ. ಯೂನಿಟ್ ತನ್ನ ಕೆಪಾಸಿಟರ್‌ನಲ್ಲಿ ಕೂಡಿಟ್ಟ ಶಕ್ತಿಯನ್ನು ಒಂದೇ ಪಲ್ಸ್ ಆಗಿ ಕಾಯಿಲ್‌ಗೆ ಬಿಟ್ಟಾಗ ಮ್ಯಾಗ್ನೆಟ್‌ನ ಹಿಡಿತ ಕಳಚಿ, ಪ್ಲಂಜರ್ ಸಿಡಿದು, ಲ್ಯಾಚ್ ಬಿಡುತ್ತದೆ. ಅಂದರೆ ಬೀಳಿಸಲು ಶಕ್ತಿ ಬೇಕು, ಆದೇಶ ಬೇಕು. ಮಿದುಳು ಸತ್ತರೆ ಆದೇಶ ಕೊಡುವವರಿಲ್ಲ. ಬ್ರೇಕರ್ ಮುಚ್ಚಿಕೊಂಡೇ ಇರುತ್ತದೆ, ಕರೆಂಟ್ ಹರಿಯುತ್ತಲೇ ಇರುತ್ತದೆ. ಸ್ವಯಂ ಪರಿಶೀಲನೆ ಎಂಬ ವ್ಯವಸ್ಥೆ ಹುಟ್ಟಿದ್ದೇ ಈ ಕಾರಣಕ್ಕೆ. ಒಳದೋಷ ಕಂಡರೆ ಅಲಾರಂ ಮಾತ್ರವೇ, ಟ್ರಿಪ್ ಕೂಡವೇ ಎಂಬುದನ್ನು ಕೆಲವು ಯೂನಿಟ್‌ಗಳಲ್ಲಿ ಮೆನುವಿನಲ್ಲಿ ಆರಿಸಿಕೊಳ್ಳಬಹುದು. ನಿಮ್ಮದು ಎರಡು ತಿಂಗಳಿಂದ ಬಿದ್ದಿಲ್ಲ ಎಂದರೆ ಅದು ‘ಅಲಾರಂ ಮಾತ್ರ’ ಎಂಬಲ್ಲಿದೆ, ಅಥವಾ ಆ ಆಯ್ಕೆಯೇ ಅದರಲ್ಲಿಲ್ಲ.

‘ಇನ್ನು ಬೀಳೋದೇ ಇಲ್ಲ’ ಎಂಬುದೂ ಆತುರದ ತೀರ್ಮಾನ. ‘ಇಂಟರ್ನಲ್ ಫಾಲ್ಟ್’ ಎಂಬ ಒಂದೇ ಪದದ ಹಿಂದೆ ಹತ್ತು ಬಗೆಯ ದೋಷಗಳು ಅಡಗಿರುತ್ತವೆ. ಅವುಗಳಲ್ಲಿ ಕೆಲವು ರಕ್ಷಣೆಯನ್ನು ಪೂರ್ತಿ ಕಸಿಯುತ್ತವೆ, ಕೆಲವು ಅರ್ಧ, ಇನ್ನು ಕೆಲವು ಏನೂ ಮಾಡುವುದಿಲ್ಲ. ಯಾವುದು ಎಂದು ತಿಳಿಯಲು ಆ ಯೂನಿಟ್ ಏನನ್ನು ನೋಡುತ್ತದೆ, ಏನನ್ನು ನೋಡಲಾರದು ಎಂಬುದು ಗೊತ್ತಿರಬೇಕು.

ಯೂನಿಟ್‌ಗೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ

ಪ್ರೊಸೆಸರ್ ಮೇಲೆ ವಾಚ್‌ಡಾಗ್ ಎಂಬ ಪ್ರತ್ಯೇಕ ಟೈಮರ್ ಕಾವಲಿರುತ್ತದೆ. ಪ್ರೋಗ್ರಾಂ ನಿಗದಿತ ಅವಧಿಯೊಳಗೆ ಅದಕ್ಕೆ ‘ಇದ್ದೇನೆ’ ಎಂದು ಹೇಳುತ್ತಿರಬೇಕು. ಹೇಳದಿದ್ದರೆ ಅದು ಪ್ರೊಸೆಸರನ್ನು ರೀಸೆಟ್ ಮಾಡುತ್ತದೆ. ಪ್ರೋಗ್ರಾಂ ಇರುವ ಮೆಮೊರಿಯ ಚೆಕ್‌ಸಮ್ಮನ್ನು, ಅಂದರೆ ಅದರ ಮಾಹಿತಿ ಕೆಟ್ಟಿಲ್ಲವೆಂದು ತೋರಿಸುವ ಮೊತ್ತವನ್ನು, ಯೂನಿಟ್ ಹಿನ್ನೆಲೆಯಲ್ಲಿ ತುಣುಕು ತುಣುಕಾಗಿ ಲೆಕ್ಕ ಹಾಕಿ ತಾಳೆ ನೋಡುತ್ತಲೇ ಇರುತ್ತದೆ. ಸೆಟ್ಟಿಂಗ್‌ಗಳನ್ನು ಸಾಮಾನ್ಯವಾಗಿ ಎರಡು ಪ್ರತಿಯಲ್ಲಿ ಇಡುತ್ತಾರೆ. ಒಂದು ಹಾಳಾದರೆ ಇನ್ನೊಂದರಿಂದ ನಡೆಸುತ್ತದೆ, ಎರಡೂ ಹಾಳಾದರೆ ತಯಾರಕರು ಇಟ್ಟ ಮೂಲ ಸೆಟ್ಟಿಂಗ್‌ಗೆ ಇಳಿದು ಅಲಾರಂ ಕೊಡುತ್ತದೆ. ಈ ಕೊನೆಯದು ಅಪಾಯಕಾರಿ. ಬ್ರೇಕರ್ ರಕ್ಷಣೆ ಕೊಡುತ್ತಲೇ ಇರುತ್ತದೆ, ಆದರೆ ನೀವು ಇಟ್ಟ ಅಂಕಿಗಳಲ್ಲಿ ಅಲ್ಲ. ಆದ್ದರಿಂದ ಅಲಾರಂ ಬಂದ ಪ್ರತಿ ಸಲ ಸೆಟ್ಟಿಂಗ್ ಪುಟ ತೆರೆದು ಕಮಿಷನಿಂಗ್ ಶೀಟ್ (ಬ್ರೇಕರ್ ಮೊದಲು ಚಾಲೂ ಮಾಡಿದಾಗಿನ ದಾಖಲೆ) ಜೊತೆ ಹೋಲಿಸಿ. ತಿರುಗಿಸುವ ಡಯಲ್ ಇರುವ ಯೂನಿಟ್ ಆದರೆ, ಡಯಲ್ ಎಲ್ಲಿದೆ ಮತ್ತು ಡಿಸ್‌ಪ್ಲೇ ಏನನ್ನುತ್ತದೆ ಎಂಬ ಎರಡನ್ನೂ ನೋಡಿ. ಎರಡಕ್ಕೂ ತಾಳೆಯಿಲ್ಲದಿದ್ದರೆ ಡಯಲ್‌ನ ಒಳಸಂಪರ್ಕ ಸವೆದಿದೆ ಎಂದರ್ಥ.

ಸೆನ್ಸರ್‌ಗಳು ಸಾಮಾನ್ಯವಾಗಿ ಪ್ರತಿ ಫೇಸ್‌ಗೆ ಎರಡು. ಕಬ್ಬಿಣದ ಕೋರ್ ಇರುವ ಸಿಟಿ (ಕರೆಂಟ್ ಟ್ರಾನ್ಸ್‌ಫಾರ್ಮರ್) ಯೂನಿಟ್‌ಗೆ ಊಟ ಹಾಕುತ್ತದೆ, ಅಂದರೆ ನಡೆಯಲು ಶಕ್ತಿ ಕೊಡುತ್ತದೆ. ಗಾಳಿ ಕೋರ್‌ನ ರೊಗೋವ್‌ಸ್ಕಿ ಕಾಯಿಲ್ ಕರೆಂಟ್ ಅಳೆಯುತ್ತದೆ. ಕಬ್ಬಿಣ ಇಲ್ಲದ್ದರಿಂದ ರೊಗೋವ್‌ಸ್ಕಿ ಭಾರೀ ಶಾರ್ಟ್‌ನಲ್ಲೂ ಸ್ಯಾಚುರೇಟ್ ಆಗುವುದಿಲ್ಲ (ಅಳತೆ ಒಂದು ಮಟ್ಟದಲ್ಲಿ ನಿಂತುಬಿಡುವುದಿಲ್ಲ), ಆದರೆ ಅದರಿಂದ ಶಕ್ತಿಯೂ ಸಿಗುವುದಿಲ್ಲ; ಹಾಗಾಗಿ ಎರಡೂ ಬೇಕು. ಸೆನ್ಸರ್ ವೈರ್ ತುಂಡಾದರೆ, ಅದರ ಮೂಲಕ ಹಾಯಿಸುವ ಒಂದು ಸಣ್ಣ ಡಿಸಿ ಕರೆಂಟ್ ನಿಂತುಹೋಗಿ ಯೂನಿಟ್‌ಗೆ ಗೊತ್ತಾಗುತ್ತದೆ. ಆದರೆ ಸೆನ್ಸರ್ 15 ಶೇಕಡಾ ಕಡಿಮೆ ತೋರಿಸುತ್ತಿದ್ದರೆ ಅದು ಬಹುಮಟ್ಟಿಗೆ ಗೊತ್ತಾಗುವುದಿಲ್ಲ. ಲೋಡ್ ಅಸಮತೋಲನವೇ ಇರಬಹುದು ಎಂದುಕೊಳ್ಳುತ್ತದೆ.

ಟ್ರಿಪ್ ಕಾಯಿಲ್‌ಗೂ ಇದೇ ಉಪಾಯ. ಪ್ಲಂಜರ್ ಬಿಡದಷ್ಟು ಕಿರಿದಾದ ಪಲ್ಸ್ ಕಳಿಸಿ, ವಯರಿಂಗ್ ಅಖಂಡವಾಗಿದೆಯೇ ಎಂದು ನೋಡುತ್ತದೆ. ಕಾಯಿಲ್ ಓಪನ್ ಆಗಿದ್ದರೆ, ಅದರ ಕನೆಕ್ಟರ್ ಕಳಚಿದ್ದರೆ ಅಲಾರಂ ಬರುತ್ತದೆ. ಕಾಯಿಲ್ ಸರಿಯಿದ್ದು ಪ್ಲಂಜರ್ ಸಿಕ್ಕಿಕೊಂಡಿದ್ದರೆ? ಏನೂ ಬರುವುದಿಲ್ಲ.

ಮೆಕ್ಯಾನಿಸಂನ ಮಟ್ಟಿಗೆ ಯೂನಿಟ್ ಪೂರ್ತಿ ಕುರುಡು ಎನ್ನಬಹುದು. ವರ್ಷಗಟ್ಟಲೆ ಒಮ್ಮೆಯೂ ತೆರೆಯದೆ ನಿಂತ ಇನ್‌ಕಮರ್‌ಗಳಲ್ಲಿ ಗ್ರೀಸ್ ಒಣಗಿ ಅಂಟಾಗಿ, ಲ್ಯಾಚ್ ಬಿಡಲು ಬೇಕಾದ ಬಲ ಏರುತ್ತದೆ. ಹಸಿರು ದೀಪ ಉರಿಯುತ್ತಿರುವ ಎಷ್ಟೋ ಬ್ರೇಕರ್‌ಗಳು ಬೀಳಬೇಕಾದಾಗ ಬೀಳದಿರುವುದು ಎಲೆಕ್ಟ್ರಾನಿಕ್ಸ್‌ನಿಂದಲ್ಲ, ಈ ಗ್ರೀಸ್‌ನಿಂದ. ಟ್ರಿಪ್ ಆದೇಶ ಕೊಟ್ಟ ಮೇಲೂ ಕರೆಂಟ್ ಹರಿಯುತ್ತಿದೆಯೇ ಎಂದು ಕೆಲವು ಯೂನಿಟ್‌ಗಳು ನೋಡಿ, ಇದ್ದರೆ ‘ಬ್ರೇಕರ್ ತೆರೆಯಲಿಲ್ಲ’ ಎಂಬ ಸಂಕೇತವನ್ನು ಮೇಲಿನ ಬ್ರೇಕರ್‌ಗೆ ಕಳಿಸಬಲ್ಲವು. ಉಪಯುಕ್ತವೇ. ಆದರೆ ಅದು ಬೆಂಕಿ ಹತ್ತಿದ ಮೇಲಿನ ಸುದ್ದಿ. ‘ಕಾಂಟ್ಯಾಕ್ಟ್ ಸವೆತ 30 ಶೇಕಡಾ’ ಎಂಬಂಥ ಅಂಕಿಯೂ ಅಳತೆಯಲ್ಲ, ಕತ್ತರಿಸಿದ ಕರೆಂಟ್‌ಗಳನ್ನು ಕೂಡಿ ಹಾಕಿದ ಅಂದಾಜು. ಯೂನಿಟ್ ಬದಲಿಸಿದರೆ ಆ ಎಣಿಕೆ ಸೊನ್ನೆಯಿಂದ ಶುರುವಾಗಬಹುದು, ಕಾಂಟ್ಯಾಕ್ಟ್ ಮಾತ್ರ ಹಳೆಯದೇ.

ರಾತ್ರಿಯೇ ಏಕೆ?

ನಿಮ್ಮ ಪತ್ರದಲ್ಲಿ ಅತಿ ಮುಖ್ಯವಾದ ಸುಳಿವು ಇದೇ. ಇಂಥ ಯೂನಿಟ್‌ಗಳು ಬ್ರೇಕರ್‌ನಲ್ಲಿ ಹರಿಯುವ ಕರೆಂಟ್‌ನಿಂದಲೇ ಜೀವ ಪಡೆಯುತ್ತವೆ. ಅದಕ್ಕೆ ಒಂದು ಕನಿಷ್ಠ ಮಿತಿ ಇರುತ್ತದೆ. ಮೇಕ್‌ನಿಂದ ಮೇಕ್‌ಗೆ ಬೇರೆಯಾದರೂ ರೇಟೆಡ್ ಕರೆಂಟ್‌ನ ಐದನೇ ಒಂದು ಭಾಗದ ಆಸುಪಾಸು ಎಂದಿಟ್ಟುಕೊಂಡರೆ, ನಿಮ್ಮದಕ್ಕೆ 320 ಆಂಪಿಯರ್. ರಾತ್ರಿಯ 150–250 ಅದಕ್ಕಿಂತ ಕೆಳಗಿದೆ. ಅಂದರೆ ರಾತ್ರಿ ನಿಮ್ಮ ಯೂನಿಟ್ ಬದುಕಿರುವುದು ಹೊರಗಿನ 24 ವೋಲ್ಟ್ ಸಪ್ಲೈ ಮೇಲೆ. ಆ ಸಪ್ಲೈ ತೂಗಾಡುತ್ತಿದ್ದರೆ ಯೂನಿಟ್‌ನ ಒಳವೋಲ್ಟೇಜ್ ಮಿತಿಯ ಗೆರೆ ಮೇಲೆ ಏಳುತ್ತಾ ಬೀಳುತ್ತಾ ಇರುತ್ತದೆ. ಎದ್ದಾಗಲೆಲ್ಲ ಸ್ವಯಂ ಪರೀಕ್ಷೆ ಶುರು, ಅದು ಮುಗಿಯುವ ಮೊದಲೇ ಮತ್ತೆ ಕುಸಿತ, ಕೊನೆಗೆ ‘ಇಂಟರ್ನಲ್ ಫಾಲ್ಟ್’.

ಇದೇ ಕಾರಣವಾದರೆ ಯೂನಿಟ್ ಚೆನ್ನಾಗಿಯೇ ಇದೆ. ರಾತ್ರಿ ಶಾರ್ಟ್ ಆದರೂ ಆ ಕ್ಷಣದಲ್ಲಿ ಹರಿಯುವ ಸಾವಿರಾರು ಆಂಪಿಯರ್ ಅದನ್ನು ಎಬ್ಬಿಸುತ್ತದೆ. ಎಲ್ಲಾ ಒಳ್ಳೆಯ ಯೂನಿಟ್‌ಗಳ ವಿನ್ಯಾಸವೂ ಹಾಗೇ. ಹೊರಗಿನ ಸಪ್ಲೈ ಇಲ್ಲದಿದ್ದರೂ ಓವರ್‌ಕರೆಂಟ್ ರಕ್ಷಣೆ ಇರಲೇಬೇಕು, ಇರುತ್ತದೆ. ಕಳೆದುಕೊಳ್ಳುವುದು ಡಿಸ್‌ಪ್ಲೇ, ಕಮ್ಯುನಿಕೇಶನ್ ಮತ್ತು ಕೆಲವು ಯೂನಿಟ್‌ಗಳಲ್ಲಿ ಕಡಿಮೆ ಮಟ್ಟದ ಅರ್ತ್ ಫಾಲ್ಟ್ (ಭೂಮಿಗೆ ಸೋರುವ ಕರೆಂಟ್) ರಕ್ಷಣೆ.

ಆದರೆ ಹಗಲಿನ ಆ ಎರಡು ಅಲಾರಂ? ಆಗ 900 ಆಂಪಿಯರ್ ಹರಿಯುತ್ತಿತ್ತು, ಯೂನಿಟ್‌ಗೆ ಸಿಟಿಯಿಂದಲೇ ಹೊಟ್ಟೆ ತುಂಬ ಊಟ. 24 ವೋಲ್ಟ್ ತೂಗಾಡಿದರೂ ಅದು ಲೆಕ್ಕಿಸಬಾರದು. ಹಾಗಾಗಿ ರಾತ್ರಿಯ ಅಷ್ಟೆಲ್ಲ ಅಲಾರಂಗಳಿಗಿಂತ ಹಗಲಿನ ಆ ಎರಡೇ ನನಗೆ ಹೆಚ್ಚು ಯೋಚನೆ ಹುಟ್ಟಿಸುತ್ತವೆ. ಸಪ್ಲೈ ಸರಿಮಾಡಿ, ರಾತ್ರಿಯ ದೀಪ ನಿಂತಿತೆಂದು ಕಡತ ಮುಚ್ಚಿಬಿಡುವುದು ಇಲ್ಲಿ ಆಗಬಹುದಾದ ದೊಡ್ಡ ತಪ್ಪು.

ಹಗಲಿನವಕ್ಕೆ ಕಾರಣ ಹುಡುಕಲು ಈವೆಂಟ್ ಲಾಗ್‌ನ ಸಮಯವನ್ನು ಬೇರೆ ಘಟನೆಗಳ ಜೊತೆ ಇಟ್ಟು ನೋಡಿ. ಪಕ್ಕದ ಎಸಿಬಿ ಆನ್-ಆಫ್ ಆದ ಹೊತ್ತಿಗೇ ಬಂದಿದ್ದರೆ ಅದು ಅದುರುವಿಕೆಗೆ ಸಡಿಲಗೊಂಡ ಕನೆಕ್ಟರ್. ಈ ಬ್ರೇಕರ್‌ಗಳು ಮುಚ್ಚುವಾಗಿನ ಹೊಡೆತ ಸಣ್ಣದಲ್ಲ, ವರ್ಷಗಳಲ್ಲಿ ಪಿನ್‌ಗಳು ಉಜ್ಜಿ ಉಜ್ಜಿ ಮೇಲೆ ಆಕ್ಸೈಡ್ ಪದರ ಕೂರುತ್ತದೆ. ಮಧ್ಯಾಹ್ನದ ಹೊತ್ತು, ಲೋಡ್ ಏರಿ ಗಂಟೆಗಳಾದ ಮೇಲೆ ಬಂದಿದ್ದರೆ ಶಾಖ. ಬಸ್‌ಬಾರ್ (ಕರೆಂಟ್ ಹೊರುವ ಲೋಹದ ಪಟ್ಟಿ) ಜೋಡಣೆ ಸಡಿಲವಿದ್ದರೆ ಆ ಬಿಸಿ ನೇರವಾಗಿ ಯೂನಿಟ್‌ಗೆ ತಾಗುತ್ತದೆ. ಒಳಗಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳ ಆಯಸ್ಸು ಪ್ರತಿ 10 ಡಿಗ್ರಿ ಏರಿಕೆಗೆ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಹನ್ನೊಂದು ವರ್ಷ ಅದಕ್ಕೆ ಕಡಿಮೆ ಅವಧಿಯೇನಲ್ಲ. ದೊಡ್ಡ ವಿಎಫ್‌ಡಿ (ಮೋಟರ್ ವೇಗ ಬದಲಿಸುವ ಡ್ರೈವ್) ಚಾಲೂ ಆದಾಗ ಬಂದಿದ್ದರೆ ಕಮ್ಯುನಿಕೇಶನ್ ಕೇಬಲ್‌ನ ಶೀಲ್ಡ್ ಅನ್ನು ಅನುಮಾನಿಸಿ. ಯಾವುದಕ್ಕೂ ಹೊಂದದೆ ತನ್ನಿಷ್ಟಕ್ಕೆ ಬಂದಿದ್ದರೆ ಬೋರ್ಡ್ ಒಳಗೇ ದೋಷವಿದೆ ಎನ್ನಲು ಹೆಚ್ಚು ಕಾರಣವಿದೆ.

ಇನ್ನೊಂದು ಸಂಶಯವನ್ನೂ ತೆಗೆದುಹಾಕಿ. ಕೆಂಪು ಅಥವಾ ಕಿತ್ತಳೆ ದೀಪಗಳೆಲ್ಲ ದೋಷದ್ದಲ್ಲ. ಕರೆಂಟ್ ಸೆಟ್ಟಿಂಗ್‌ನ 90 ಶೇಕಡಾ ದಾಟಿದಾಗ ಒಂದು ದೀಪ, 105 ದಾಟಿದಾಗ ಇನ್ನೊಂದು, ಹೀಗೆ ಓವರ್‌ಲೋಡ್ ಮುನ್ಸೂಚನೆ ಕೊಡುವ ಯೂನಿಟ್‌ಗಳಿವೆ. ಓವರ್‌ಲೋಡ್ ಸೆಟ್ಟಿಂಗ್ 1000ರ ಹತ್ತಿರ ಇದ್ದರೆ ಹಗಲಿನವು ಅದೇ ಆಗಿರಬಹುದು. ಬ್ಯಾಟರಿ ದೀಪವೂ ಬೇರೆ. ಬಹಳಷ್ಟು ಯೂನಿಟ್‌ಗಳಲ್ಲಿ ಆ ಲಿಥಿಯಂ ಬ್ಯಾಟರಿ ಇರುವುದು ಟ್ರಿಪ್ ಆದ ಕಾರಣವನ್ನು ತೋರಿಸುವ ದೀಪಗಳಿಗಾಗಿ, ಅದು ಸತ್ತರೆ ರಕ್ಷಣೆಗೆ ಏನೂ ಆಗದು. ಮಿನುಗುವ ಲಯ, ಬಣ್ಣ, ಡಿಸ್‌ಪ್ಲೇಯ ಕೋಡ್ ಮೂರನ್ನೂ ಮೊಬೈಲ್‌ನಲ್ಲಿ ವಿಡಿಯೋ ಮಾಡಿಕೊಂಡು ಆಮೇಲೆ ರೀಸೆಟ್ ಒತ್ತಿ. ರೀಸೆಟ್ ದೋಷವನ್ನು ಅಳಿಸುವುದಿಲ್ಲ, ಸಾಕ್ಷಿಯನ್ನು ಅಳಿಸುತ್ತದೆ.

ಲೈನ್ ನಡೆಯುತ್ತಿರುವಾಗಲೇ ನೋಡಬಹುದಾದದ್ದು

ಮೀಟರನ್ನು ಕನಿಷ್ಠ-ಗರಿಷ್ಠ ದಾಖಲಿಸುವ ಮೋಡ್‌ಗೆ ಹಾಕಿ, 24 ವೋಲ್ಟ್ ಅನ್ನು ಪವರ್ ಸಪ್ಲೈ ಬಾಯಲ್ಲಲ್ಲ, ಯೂನಿಟ್‌ನ ಟರ್ಮಿನಲ್‌ನಲ್ಲಿ ಒಂದು ರಾತ್ರಿ ಪೂರ್ತಿ ನೋಡಿ. 21.6ರಿಂದ 26.4 ವೋಲ್ಟ್ ಒಳಗೆ, ಅಂದರೆ 10 ಶೇಕಡಾ ಆಚೀಚೆ ಇದ್ದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಮೀಟರನ್ನು ಎಸಿಗೆ ತಿರುಗಿಸಿದಾಗ ಒಂದು ವೋಲ್ಟ್‌ಗಿಂತ ಹೆಚ್ಚು ಕಂಡರೆ ಪವರ್ ಸಪ್ಲೈಯ ಫಿಲ್ಟರ್ ಕೆಪಾಸಿಟರ್ ಸೊರಗಿದೆ. ಅದೇ 24 ವೋಲ್ಟ್‌ನಿಂದ ರಿಲೇ, ಕಾಂಟ್ಯಾಕ್ಟರ್, ಸೊಲೆನಾಯ್ಡ್‌ಗಳೂ ನಡೆಯುತ್ತಿವೆಯೇ? ಹಾಗಿದ್ದರೆ ಅದೇ ಅಪರಾಧಿ ಆಗಿರುವ ಸಂಭವ ಹೆಚ್ಚು. ಕಾಯಿಲ್ ಆಫ್ ಆದಾಗ ಏಳುವ ವೋಲ್ಟೇಜ್ ಸ್ಪೈಕ್ ಕ್ಷಣಮಾತ್ರದ್ದು, ಸಾಮಾನ್ಯ ಮೀಟರ್‌ಗೆ ಸಿಗುವುದೂ ಇಲ್ಲ. ಟ್ರಿಪ್ ಯೂನಿಟ್‌ಗೆ ಪ್ರತ್ಯೇಕವಾದ, ಐಸೊಲೇಟೆಡ್ ಸಪ್ಲೈ ಕೊಡಿ. ಇದು ಅಗ್ಗದ, ಬೇಗನೆ ಆಗುವ ರಿಪೇರಿ.

ಹಗಲು ಪೂರ್ಣ ಲೋಡ್‌ನಲ್ಲಿ ಪ್ರತಿ ಫೇಸ್ ಮತ್ತು ನ್ಯೂಟ್ರಲ್‌ನ ಕರೆಂಟನ್ನು ನಂಬಿಕಸ್ಥ ಕ್ಲ್ಯಾಂಪ್ ಮೀಟರ್‌ನಲ್ಲಿ ಅಳೆದು ಡಿಸ್‌ಪ್ಲೇಯ ಅಂಕಿ ಜೊತೆ ಹೋಲಿಸಿ. ನೇರವಾಗಿ ಕ್ಲ್ಯಾಂಪ್ ಹಾಕಲು ಸುರಕ್ಷಿತ ಜಾಗ ಇಲ್ಲದಿದ್ದರೆ ಪ್ಯಾನೆಲ್‌ನ ಮೀಟರಿಂಗ್ ಸಿಟಿಯ ಸೆಕೆಂಡರಿಯಲ್ಲಿ ಅಳೆದು ಅನುಪಾತದಿಂದ ಗುಣಿಸಿ. ಒಂದು ಫೇಸ್ ಮಾತ್ರ 10 ಶೇಕಡಾದಷ್ಟು ವ್ಯತ್ಯಾಸ ತೋರಿಸಿದರೆ ಆ ಸೆನ್ಸರ್ ಅಥವಾ ಅದರ ಕನೆಕ್ಟರ್‌ನಲ್ಲೇ ತೊಂದರೆ. ಥರ್ಮಲ್ ಕ್ಯಾಮೆರಾ ಇದ್ದರೆ ಬ್ರೇಕರ್‌ನ ಮುಖ, ಬಸ್‌ಬಾರ್ ಜೋಡಣೆ ನೋಡಿ. ಮೂರು ಫೇಸ್‌ಗಳ ನಡುವಿನ ವ್ಯತ್ಯಾಸವೇ ಮುಖ್ಯ, ಒಟ್ಟು ಉಷ್ಣತೆ ಅಷ್ಟಲ್ಲ.

ಶಟ್‌ಡೌನ್ ಸಿಕ್ಕಾಗ

ಅರ್ಧ ದಿನ ಸಾಕು, ಆದರೆ ಅವಸರ ಬೇಡ. ಸೆಟ್ಟಿಂಗ್‌ಗಳ ಎಲ್ಲಾ ಪುಟಗಳ ಫೋಟೋ ತೆಗೆದುಕೊಂಡು ಶುರುಮಾಡಿ. ಬ್ರೇಕರ್ ತೆರೆದು, ಡಿಸ್‌ಕನೆಕ್ಟೆಡ್ ಸ್ಥಾನಕ್ಕೆ ಎಳೆದು, ಬೀಗ-ಟ್ಯಾಗ್ ಹಾಕಿ, ವೋಲ್ಟೇಜ್ ಇಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆ ಸ್ಪ್ರಿಂಗ್ ಡಿಸ್ಚಾರ್ಜ್ ಮಾಡಿ. ಚಾರ್ಜ್ ಆದ ಕ್ಲೋಸಿಂಗ್ ಸ್ಪ್ರಿಂಗ್ ಬೆರಳು ಮುರಿಯುವಷ್ಟು ಬಲದ್ದು; ಚಾರ್ಜಿಂಗ್ ಮೋಟರ್‌ನ ಸಪ್ಲೈಯನ್ನೂ ತೆಗೆಯದಿದ್ದರೆ ಅದು ಮತ್ತೆ ಚಾರ್ಜ್ ಮಾಡಿಕೊಳ್ಳುತ್ತದೆ.

ಮುಂದಿನ ಕವರ್ ತೆಗೆದು ಯೂನಿಟ್‌ನ ಎಲ್ಲಾ ಕನೆಕ್ಟರ್‌ಗಳನ್ನು ಒಂದೊಂದಾಗಿ ಬಿಡಿಸಿ, ಪಿನ್ ಬಾಗಿದೆಯೇ, ಕಪ್ಪಾಗಿದೆಯೇ ನೋಡಿ, ಮತ್ತೆ ಒತ್ತಿ ಕೂರಿಸಿ. ಎಣ್ಣೆ ಉಳಿಸುವ ಸ್ಪ್ರೇ ಬೇಡ. ಅದರ ಮೇಲೆ ಧೂಳು ಕೂತು ಮುಂದಿನ ವರ್ಷದ ಅಲಾರಂಗೆ ನೀವೇ ಬೀಜ ಬಿತ್ತಿದಂತಾಗುತ್ತದೆ. ಆವಿಯಾಗಿ ಹೋಗುವ ಕ್ಲೀನರ್ ಬಳಸಿ. ರೇಟಿಂಗ್ ಪ್ಲಗ್ ತೆಗೆದು ಹಾಕಲು ಈಗ ಸರಿಯಾದ ಸಮಯ. ಕನೆಕ್ಟರ್ ಬಿಚ್ಚಿರುವಾಗಲೇ ಮೂರೂ ಫೇಸ್‌ಗಳ ಸೆನ್ಸರ್ ರೆಸಿಸ್ಟೆನ್ಸ್ ಅಳೆದು ಪರಸ್ಪರ ಹೋಲಿಸಿ. ಒಂದೇ ಬಗೆಯವಾದ್ದರಿಂದ ಅವು ಹತ್ತಿರ ಹತ್ತಿರ ಇರಬೇಕು. ಟ್ರಿಪ್ ಕಾಯಿಲ್ ಅಳತೆಯನ್ನು ಅದೇ ಮಾದರಿಯ ಇನ್ನೊಂದು ಬ್ರೇಕರ್ ಜೊತೆ ತಾಳೆ ನೋಡಿ. ಮೆಗ್ಗರ್ (ಹೆಚ್ಚು ವೋಲ್ಟೇಜ್ ಕೊಟ್ಟು ಇನ್ಸುಲೇಶನ್ ಪರೀಕ್ಷೆ) ಮಾಡುವವರಿದ್ದರೆ ಅದಕ್ಕೆ ಮೊದಲು ಯೂನಿಟ್‌ಗೆ ಹೋಗುವ ವೋಲ್ಟೇಜ್ ಸಂಪರ್ಕ ಬಿಡಿಸಿ. ಇದನ್ನು ಮರೆತು 1000 ವೋಲ್ಟ್ ಕೊಟ್ಟ ಮರುದಿನವೇ ‘ಇಂಟರ್ನಲ್ ಫಾಲ್ಟ್’ ಶುರುವಾಗುವುದುಂಟು.

ನ್ಯೂಟ್ರಲ್ ಸಿಟಿ ಹೊರಗೆ ಕೂತಿದ್ದರೆ ಅದರ ವಯರಿಂಗ್ ನೋಡಿ. ಝೋನ್ ಸೆಲೆಕ್ಟಿವ್ ಇಂಟರ್‌ಲಾಕ್ (ಯಾವುದು ಮೊದಲು ಬೀಳಬೇಕೆಂದು ಬ್ರೇಕರ್‌ಗಳು ಪರಸ್ಪರ ತಿಳಿಸುವ ವಯರಿಂಗ್) ಬಳಸದಿದ್ದರೆ ಕೆಲವು ಮೇಕ್‌ಗಳಲ್ಲಿ ಆ ಟರ್ಮಿನಲ್‌ಗಳ ನಡುವೆ ಜಂಪರ್ ಇರಲೇಬೇಕು. ಅದು ಬಿದ್ದುಹೋದರೆ ಯೂನಿಟ್ ನೀವಿಟ್ಟ ಶಾರ್ಟ್ ಟೈಮ್ ಡಿಲೇಯನ್ನು ಕಡೆಗಣಿಸಿ ತಕ್ಷಣ ಬೀಳಿಸುತ್ತದೆ. ಇದಕ್ಕೆ ಅಲಾರಂ ಇಲ್ಲ.

ಇನ್ನು ನಿಜವಾದ ಪರೀಕ್ಷೆ. ಯೂನಿಟ್‌ನ ‘ಟೆಸ್ಟ್’ ಬಟನ್ ಅಥವಾ ಟೆಸ್ಟ್ ಕಿಟ್‌ನ ಸೆಕೆಂಡರಿ ಇಂಜೆಕ್ಷನ್‌ನಲ್ಲಿ (ಸೆನ್ಸರ್ ಬದಲು ಕಿಟ್‌ನಿಂದಲೇ ಯೂನಿಟ್‌ಗೆ ಹುಸಿ ಸಂಕೇತ ಕೊಟ್ಟು) ಬ್ರೇಕರ್ ನಿಜಕ್ಕೂ ತೆರೆಯುವಂತೆ ಮಾಡಿ. ‘ಟ್ರಿಪ್ ಇಲ್ಲದೆ’ ಎಂಬ ಆಯ್ಕೆಯಲ್ಲೇ ಪರೀಕ್ಷೆ ಮಾಡಿದರೆ ಪರದೆಯ ಮೇಲೆ ಪಾಸು, ಮೆಕ್ಯಾನಿಸಂ ಬಗ್ಗೆ ಶೂನ್ಯ. ಲೆಕ್ಕ ಹೀಗೆ ಹಾಕಿ: ಓವರ್‌ಲೋಡ್ ಸೆಟ್ಟಿಂಗ್ 0.8 ಆದರೆ 1280 ಆಂಪಿಯರ್. 3 ಪಟ್ಟು ಎಂದರೆ 3840. 6 ಪಟ್ಟಿನಲ್ಲಿ 8 ಸೆಕೆಂಡ್ ಇಟ್ಟಿದ್ದರೆ 3 ಪಟ್ಟಿನಲ್ಲಿ 32 ಸೆಕೆಂಡ್. ತಯಾರಕರ ಕರ್ವ್ ತೋರಿಸುವ ಸಮಯದ ಮಿತಿಯೊಳಗೆ ಬಂದರೆ ಸರಿ. ಕೆಲವು ತಯಾರಕರು ಡಿಲೇಯನ್ನು 3 ಪಟ್ಟಿಗೇ ನಮೂದಿಸುತ್ತಾರೆ, ಕೈಪಿಡಿ ನೋಡಿಕೊಂಡು ಲೆಕ್ಕ ಹಾಕಿ. ಎರಡನೇ ಸಲ ಅದೇ ಪರೀಕ್ಷೆ ಮಾಡಿದಾಗ ಬೇಗ ಬಿದ್ದರೆ ಗಾಬರಿಯಾಗಬೇಡಿ, ಅದು ಥರ್ಮಲ್ ಮೆಮೊರಿ, ಹಿಂದಿನ ಓವರ್‌ಲೋಡ್‌ನ ಬಿಸಿಯನ್ನು ಯೂನಿಟ್ ಲೆಕ್ಕದಲ್ಲಿ ಇಟ್ಟುಕೊಂಡಿರುತ್ತದೆ. ಅಳಿಸಿ ಅಥವಾ ಸಾಕಷ್ಟು ಹೊತ್ತು ಕಾಯಿರಿ. ಬ್ರೇಕರ್‌ಗಳ ಅಂತರರಾಷ್ಟ್ರೀಯ ಮಾನದಂಡ ಐಇಸಿ 60947-2 ಹೇಳುವ ಗಡಿಯೂ ನೆನಪಿರಲಿ: ಸೆಟ್ಟಿಂಗ್‌ನ 1.05 ಪಟ್ಟಿನಲ್ಲಿ ಎರಡು ಗಂಟೆ ಬೀಳಬಾರದು, 1.30 ಪಟ್ಟಿನಲ್ಲಿ ಎರಡು ಗಂಟೆಯೊಳಗೆ ಬೀಳಲೇಬೇಕು.

ಸೆಕೆಂಡರಿ ಇಂಜೆಕ್ಷನ್ ಸೆನ್ಸರ್‌ಗಳನ್ನು ಮುಟ್ಟುವುದೇ ಇಲ್ಲ. ಅವನ್ನೂ ಸೇರಿಸಿ ಪೂರ್ತಿ ಸರಪಳಿಯನ್ನು ಪರೀಕ್ಷಿಸುವುದು ಪ್ರೈಮರಿ ಇಂಜೆಕ್ಷನ್ ಒಂದೇ: ಬ್ರೇಕರ್‌ನ ಪೋಲ್ (ಒಂದು ಫೇಸ್‌ನ ದಾರಿ) ಮೂಲಕ ಕೆಲವೇ ವೋಲ್ಟ್‌ನಲ್ಲಿ ಸಾವಿರಾರು ಆಂಪಿಯರ್ ಹರಿಸುವುದು. ಒಂದೇ ಪೋಲ್‌ನಲ್ಲಿ ಹರಿಸಿದರೆ ಅದು ಯೂನಿಟ್‌ಗೆ ಅರ್ತ್ ಫಾಲ್ಟ್‌ನಂತೆಯೇ ಕಾಣುತ್ತದೆ, ಓವರ್‌ಲೋಡ್ ಪರೀಕ್ಷೆಗೆ ಮೊದಲೇ ಬಿದ್ದುಬಿಡುತ್ತದೆ. ಅರ್ತ್ ಫಾಲ್ಟ್ ತಾತ್ಕಾಲಿಕವಾಗಿ ಆಫ್ ಮಾಡಬೇಕು, ಇಲ್ಲವೇ ಎರಡು ಪೋಲ್‌ಗಳನ್ನು ಸರಣಿಯಲ್ಲಿ ಜೋಡಿಸಿ ಹೋಗುವ ಬರುವ ಕರೆಂಟ್ ರದ್ದಾಗುವಂತೆ ಮಾಡಬೇಕು. ಎರಡನೆಯದು ಮೇಲು, ಏಕೆಂದರೆ ಆಫ್ ಮಾಡಿದ ಅರ್ತ್ ಫಾಲ್ಟನ್ನು ಮತ್ತೆ ಆನ್ ಮಾಡಲು ಮರೆಯುವುದು ಪರೀಕ್ಷಾ ವರದಿಗಳಲ್ಲಿ ಕಾಣದ, ಆದರೆ ಪ್ಯಾನೆಲ್‌ಗಳಲ್ಲಿ ಆಗಾಗ ಸಿಗುವ ತಪ್ಪು.

ಬದಲಿಸುವುದೇ ಆದರೆ ಏನನ್ನು?

ಪ್ರತ್ಯೇಕ 24 ವೋಲ್ಟ್ ಕೊಟ್ಟು, ಕನೆಕ್ಟರ್‌ಗಳನ್ನು ಹೊಸದಾಗಿ ಕೂರಿಸಿದ ಮೇಲೂ ಅಲಾರಂ ಬಂದರೆ ಟ್ರಿಪ್ ಯೂನಿಟ್ ಬದಲಿಸಿ. ಇಡೀ ಬ್ರೇಕರ್ ಬದಲಿಸಲು ಈ ಒಂದು ದೀಪ ಕಾರಣವಾಗದು. ಬ್ರೇಕರ್ ಹೋಗಬೇಕಾದದ್ದು ಕಾಂಟ್ಯಾಕ್ಟ್ ಸವೆದಿದ್ದರೆ, ಆರ್ಕ್ ಚೂಟ್ (ತೆರೆಯುವಾಗಿನ ಕಿಡಿ ನಂದಿಸುವ ಭಾಗ) ಸುಟ್ಟಿದ್ದರೆ, ಮೆಕ್ಯಾನಿಸಂ ಸರ್ವಿಸ್‌ಗೂ ಬಗ್ಗದಿದ್ದರೆ, ಅಥವಾ ಆ ಪೀಳಿಗೆಗೆ ಯೂನಿಟ್ ತಯಾರಾಗುವುದೇ ನಿಂತಿದ್ದರೆ. ಸರ್ವಿಸ್‌ನವರು ಕೊನೆಯ ಕಾರಣ ಹೇಳುತ್ತಿದ್ದರೆ ಅವರ ಮಾತಿಗೆ ತೂಕವಿದೆ, ಬರವಣಿಗೆಯಲ್ಲಿ ಕೇಳಿ. ಬೋರ್ಡ್ ಬಿಚ್ಚಿ ಕೆಪಾಸಿಟರ್ ಬದಲಿಸಿಕೊಡುವವರೂ ಸಿಗುತ್ತಾರೆ. ಆ ದಾರಿ ಬೇಡ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ: ರಿಪೇರಿ ಆದ ಬೋರ್ಡ್ ದೀಪ ಹಚ್ಚುತ್ತದೆ, ಅಳತೆಯ ಕ್ಯಾಲಿಬ್ರೇಶನ್ ಉಳಿದಿದೆಯೇ ಎಂದು ಯಾರೂ ಸಹಿ ಹಾಕಿಕೊಡುವುದಿಲ್ಲ.

ಹೊಸ ಯೂನಿಟ್ ಕೂರಿಸಿದ ದಿನ ಪ್ರೈಮರಿ ಇಂಜೆಕ್ಷನ್ ಆಗಲೇಬೇಕು. ಅದು ಸಾಧ್ಯವೇ ಇಲ್ಲದಿದ್ದರೆ ಸೆಕೆಂಡರಿ ಇಂಜೆಕ್ಷನ್ ಮಾಡಿ, ಲೋಡ್ ಬಂದ ಕೂಡಲೇ ಕ್ಲ್ಯಾಂಪ್ ಮೀಟರ್ ಹೋಲಿಕೆಯನ್ನಾದರೂ ಮಾಡಿ, ನ್ಯೂಟ್ರಲ್ ಸೇರಿಸಿ. ನ್ಯೂಟ್ರಲ್ ಸಿಟಿ ಉಲ್ಟಾ ಜೋಡಣೆಯಾದರೆ ಖಾಲಿ ಕಾರ್ಖಾನೆಯಲ್ಲಿ ಏನೂ ಆಗದು. ಒಂದು ಫೇಸ್‌ನ ಲೋಡ್ ಏರಿದಂತೆ ಇಲ್ಲದ ಅರ್ತ್ ಫಾಲ್ಟ್ ಹುಟ್ಟಿಕೊಂಡು ಬ್ರೇಕರ್ ಬೀಳತೊಡಗುತ್ತದೆ.

ಅಲ್ಲಿಯವರೆಗೆ

ಈಗಲೇ ಲೈನ್ ನಿಲ್ಲಿಸಬೇಕೇ? ಡಿಸ್‌ಪ್ಲೇ ಕೋಡ್ ಟ್ರಿಪ್ ಕಾಯಿಲ್, ಸೆನ್ಸರ್, ರೇಟಿಂಗ್ ಪ್ಲಗ್ ಅಥವಾ ಸೆಟ್ಟಿಂಗ್ ಮೆಮೊರಿ ಎಂದು ಬೊಟ್ಟು ಮಾಡಿದರೆ ಹೌದು, ಸುವ್ಯವಸ್ಥಿತವಾಗಿ ಲೋಡ್ ಇಳಿಸಿ, ಸಿಕ್ಕ ಮೊದಲ ಪಾಳಿಯಲ್ಲೇ ನಿಲ್ಲಿಸಿ. ರೀಸೆಟ್ ಆದ ಮೇಲೆ ದಿನಗಟ್ಟಲೆ ಬಾರದ, ರಾತ್ರಿಯಷ್ಟೇ ಬರುವ ಸಪ್ಲೈ ಸ್ವರೂಪದ ದೋಷವಾದರೆ ಮುಂದಿನ ಯೋಜಿತ ಶಟ್‌ಡೌನ್‌ವರೆಗೆ ಕಾಯಬಹುದು. ನಿಮ್ಮ ಹಗಲಿನ ಎರಡು ಅಲಾರಂಗಳ ಕೋಡ್ ತಿಳಿಯುವವರೆಗೆ ನಾನಾಗಿದ್ದರೆ ವಾರಗಳ ಲೆಕ್ಕದಲ್ಲಿ ಯೋಚಿಸುತ್ತೇನೆ, ತಿಂಗಳುಗಳ ಲೆಕ್ಕದಲ್ಲಲ್ಲ.

ಕಾಯುವ ಅವಧಿಯಲ್ಲಿ ಈ ಬ್ರೇಕರ್ ಇಲ್ಲವೆಂದೇ ಭಾವಿಸಿ ಮೇಲಿನ ರಕ್ಷಣೆಯನ್ನು ನೋಡಿ. ಟ್ರಾನ್ಸ್‌ಫಾರ್ಮರ್‌ನ ಹೈವೋಲ್ಟೇಜ್ ಬದಿಯ ರಿಲೇ ಅಥವಾ ಫ್ಯೂಸ್, ನಿಮ್ಮ ಬಸ್‌ಬಾರ್‌ನಲ್ಲಿ ಶಾರ್ಟ್ ಆದರೆ ಎಷ್ಟು ಹೊತ್ತಿಗೆ ಕತ್ತರಿಸುತ್ತದೆ? ಕತ್ತರಿಸುವುದೇನೋ ಕತ್ತರಿಸೀತು, 0.1 ಸೆಕೆಂಡ್ ಬದಲು 1 ಸೆಕೆಂಡ್ ತಗೊಂಡರೆ ಆರ್ಕ್‌ನಲ್ಲಿ ಬಿಡುಗಡೆಯಾಗುವ ಶಕ್ತಿ ಹತ್ತು ಪಟ್ಟು. ಹಾಗಾಗಿ ಆ ಪ್ಯಾನೆಲ್‌ನಲ್ಲಿ ಲೈವ್ ಕೆಲಸ ಪೂರ್ತಿ ನಿಲ್ಲಿಸಿ, ಬಾಗಿಲು ತೆರೆಯುವುದನ್ನೂ ಕಡಿಮೆ ಮಾಡಿ; ಅಲ್ಲಿ ಅಂಟಿಸಿರುವ, ಆರ್ಕ್ ಸ್ಫೋಟದ ಅಪಾಯ ಎಷ್ಟೆಂದು ಹೇಳುವ ಆರ್ಕ್ ಫ್ಲ್ಯಾಶ್ ಲೇಬಲ್ ಈ ಬ್ರೇಕರ್ ಕೆಲಸ ಮಾಡುತ್ತದೆ ಎಂಬ ನಂಬಿಕೆಯ ಮೇಲೆ ಬರೆದದ್ದು. ಬಸ್ ಕಪ್ಲರ್ (ಎರಡು ಬಸ್‌ಬಾರ್‌ಗಳನ್ನು ಸೇರಿಸುವ ಬ್ರೇಕರ್) ಇದ್ದು ಇನ್ನೊಂದು ಟ್ರಾನ್ಸ್‌ಫಾರ್ಮರ್‌ಗೆ ತಾಕತ್ತಿದ್ದರೆ ಲೋಡ್ ಅತ್ತ ತಿರುಗಿಸಿ. ಬೇರೆ ಸಿಟಿಗಳಿಂದ ನಡೆಯುವ ಹೊರಗಿನ ಓವರ್‌ಕರೆಂಟ್ ರಿಲೇಯನ್ನು ಶಂಟ್ ಟ್ರಿಪ್ ಕಾಯಿಲ್‌ಗೆ (ಹೊರಗಿನಿಂದ ವೋಲ್ಟೇಜ್ ಕೊಟ್ಟು ಬ್ರೇಕರ್ ಬೀಳಿಸುವ ಕಾಯಿಲ್) ಜೋಡಿಸುವುದು ಒಳ್ಳೆಯ ತಾತ್ಕಾಲಿಕ ಏರ್ಪಾಡು, ಏಕೆಂದರೆ ಶಂಟ್ ಟ್ರಿಪ್ ದಾರಿ ಟ್ರಿಪ್ ಯೂನಿಟ್ ಅನ್ನು ಹಾಯ್ದು ಹೋಗುವುದಿಲ್ಲ. ಆದರೆ ಅದಕ್ಕೆ ಭರವಸೆಯ ಬ್ಯಾಟರಿ ಸಪ್ಲೈ ಬೇಕು. ಶಾರ್ಟ್ ಆದಾಗ ಅದೇ ಬಸ್‌ಬಾರ್‌ನ ವೋಲ್ಟೇಜ್ ಕುಸಿದಿರುತ್ತದೆ, ಅಲ್ಲಿಂದ ತೆಗೆದ ಸಪ್ಲೈ ಕೈಕೊಡುತ್ತದೆ. ‘ಒಳದೋಷ ಬಂದರೆ ಟ್ರಿಪ್’ ಎಂಬ ಆಯ್ಕೆ ಮೆನುವಿನಲ್ಲಿದ್ದರೆ, ಸಪ್ಲೈ ದೋಷ ಸರಿಪಡಿಸುವ ಮೊದಲು ಅದನ್ನು ಆನ್ ಮಾಡಬೇಡಿ, ಪ್ರತಿ ರಾತ್ರಿ ಕತ್ತಲೆಯಾದೀತು. ಸರಿಪಡಿಸಿದ ಮೇಲೆ, ಕಾರ್ಖಾನೆ ನಿಂತರೆ ಜೀವಕ್ಕೆ ಅಪಾಯವಿಲ್ಲದ ಕಡೆ, ಆನ್ ಮಾಡುವುದೇ ಲೇಸು.

ಕೊನೆಗೆ ಒಂದು ವಯರಿಂಗ್ ಮಾತು. ಯೂನಿಟ್‌ನಲ್ಲಿ ‘ವಾಚ್‌ಡಾಗ್’ ಅಥವಾ ‘ಸಿಸ್ಟಂ ಅಲಾರಂ’ ಕಾಂಟ್ಯಾಕ್ಟ್ ಇದೆಯೇ ನೋಡಿ. ಯೂನಿಟ್ ಆರೋಗ್ಯವಾಗಿರುವಾಗ ಒಳಗಿನ ರಿಲೇ ಎಳೆದಿರುವಂತೆ, ದೋಷವಾಗಲಿ 24 ವೋಲ್ಟ್ ಹೋಗಲಿ, ಆ ರಿಲೇ ಕೈಬಿಡುವಂತೆ ಅದನ್ನು ಜೋಡಿಸಿ, ತಂತಿಯನ್ನು ಸದಾ ಜನ ಇರುವ ಕೋಣೆಯ ಅಲಾರಂಗೆ ಎಳೆಯಿರಿ. ಎರಡು ತಿಂಗಳಲ್ಲಿ ನಿಮ್ಮ ಕಣ್ಣಿಗೆ ಬಿದ್ದ ಅಲಾರಂಗಳು, ಯಾರಾದರೂ ಆ ಪ್ಯಾನೆಲ್ ಮುಂದೆ ಹಾದುಹೋದಾಗ ಕಂಡವು ಮಾತ್ರ. ಹಗಲಿನವು ನಿಜಕ್ಕೂ ಎರಡೇ ಇದ್ದವೇ ಎಂಬುದನ್ನು ಲಾಗ್ ತೆರೆದು ನೋಡಿ.